ಒಂದು ಹೋರಿ, ಇಡೀ ಊರಿನ ತಳಿ

ಪ್ರಶ್ನೆ: ನಾಟಿ ಹಸುಗಳಿಗೆ ಅಜ್ಜಂಪುರದ ಅಮೃತ್ ಮಹಲ್ ಹೋರಿ ಬಿಟ್ಟರೆ ಊರಿನ ದನಗಳೆಲ್ಲ ಅದೇ ತಳಿಯಾಗುತ್ತವೆಯೇ? – ಓದುಗರು, ಮಲ್ಲಂದೂರು

ಒಂದೇ ಸೂಲಿಗೆ ಆಗುವುದಿಲ್ಲ. ಕರುವಿಗೆ ಅರ್ಧ ಗುಣ ತಾಯಿಯದು, ಅರ್ಧ ತಂದೆಯದು. ಆ ಕಡಸು ಬೆಳೆದು ಬೆದೆಗೆ ಬಂದಾಗ ಮತ್ತೆ ಅದೇ ತಳಿಯ ಬೇರೊಂದು ಹೋರಿ ಕೊಡಿಸಿದರೆ ತಳಿಯ ಪಾಲು ಮುಕ್ಕಾಲಾಗುತ್ತದೆ. ಮೂರನೆಯ ತಲೆಮಾರಿಗೆ ಎಂಟರಲ್ಲಿ ಏಳು. ಲೋಟದ ಡಿಕಾಕ್ಷನ್ ಅರ್ಧ ತೆಗೆದು ಹಾಲು ತುಂಬಿ, ಮತ್ತೆ ಅರ್ಧ ತೆಗೆದು ಹಾಲು ತುಂಬುತ್ತ ಹೋದಂತೆ ಇದು: ಬಣ್ಣ ಬಿಳುಪೇರುತ್ತದೆ, ಡಿಕಾಕ್ಷನ್ ಪೂರ್ತಿ ಹೋಗುವುದಿಲ್ಲ. ಇಷ್ಟಕ್ಕೇ ಹತ್ತು ವರ್ಷದ ಮೇಲಾಗುತ್ತದೆ.

ಹಸು ವರ್ಷಕ್ಕೆ ಹೆಚ್ಚೆಂದರೆ ಒಂದು ಕರು ಹಾಕುತ್ತದೆ, ಹೋರಿ ಹತ್ತಾರು ಕರುಗಳಿಗೆ ತಂದೆಯಾಗುತ್ತದೆ. ತಳಿ ಸುಧಾರಣೆ ಹೋರಿಯಿಂದಲೇ ಶುರುವಾಗುವುದು ಅದಕ್ಕೇ. ಆದರೆ ಊರಿನ ಉಳಿದ ಹೋರಿಗಳ ಬೀಜ ಒಡೆಸದಿದ್ದರೆ ಶ್ರಮವೆಲ್ಲ ನೀರುಪಾಲು. ಹೋರಿಯ ಹೆಣ್ಣುಕರುಗಳು ಬೆದೆಗೆ ಬರುವ ಮೊದಲೇ ಅದನ್ನು ಬದಲಿಸಲೂ ಬೇಕು.

ಬೂದು ಮೈ, ಹಿಂದಕ್ಕೆ ಚಾಚಿದ ಚೂಪು ಕೊಂಬಿನ ಅಮೃತ್ ಮಹಲ್ ಎತ್ತುಗಳು ಮೈಸೂರು ಸೈನ್ಯದ ಫಿರಂಗಿ ಎಳೆದವು. ಮುಂದೆ ತಮ್ಮ ಕೈಸೇರಿದ ಈ ತಳಿಯ ಹಿಂಡನ್ನು ಬ್ರಿಟಿಷರು ಖರ್ಚು ಉಳಿಸಲು 1860ರಲ್ಲಿ ಮಾರಿದರು. ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಚದುರಿದ ತಳಿಯನ್ನು ಕೂಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಮೃತ್ ಮಹಲ್ ಬಯಲುಸೀಮೆಯ ಒಣ ಕಾವಲುಗಳಲ್ಲಿ ಬೆಳೆದ ತಳಿ. ಮಲ್ಲಂದೂರಿನ ಜಡಿಮಳೆ, ಇಳಿಜಾರಿಗೆ ಕಡಿಮೆ ಮೇವಿನಲ್ಲೇ ಬದುಕುವ ಮಲೆನಾಡು ಗಿಡ್ಡವೇ ಹೆಚ್ಚು ಹೊಂದುತ್ತದೆ. ಅಲ್ಲಿ ಆರಿಸಿದ ಗಿಡ್ಡ ಹೋರಿಯನ್ನೇ ಬಿಡುವುದು ಲೇಸು.