ಹಳೆಯ ವಿಶ್ವಕೋಶಗಳ ಚಿತ್ರಗಳು

ಹಳೆಯ ವಿಶ್ವಕೋಶವೊಂದು ಕೈಸೇರಿದೊಡನೆ ನಾವು ಲೇಖನವನ್ನು ಬಿಟ್ಟು ಚಿತ್ರಫಲಕಗಳನ್ನು ಹುಡುಕುತ್ತೇವೆ. ಇದಕ್ಕಾಗಿ ನಾಚಬೇಕಾದುದಿಲ್ಲ. ಫ್ರೆಂಚ್ ಪಂಡಿತ ದಿದರೋವಿನ ವಿಶ್ವಕೋಶಕ್ಕೆ 1762ರಿಂದ 1772ರವರೆಗೆ ಹನ್ನೊಂದು ಸಂಪುಟಗಳಷ್ಟು ಚಿತ್ರಫಲಕಗಳೇ ಹೊರಬಂದುವು. ಗುಂಡುಸೂಜಿ ಮಾಡುವವರ ಕಾರ್ಯಶಾಲೆಯೂ ಅಲ್ಲುಂಟು: ಮೇಲೆ ಕೆಲಸದಲ್ಲಿ ತೊಡಗಿದ ಜನ, ಕೆಳಗೆ ಬಿಡಿಬಿಡಿಯಾಗಿ ಉಪಕರಣಗಳು. ಕುಶಲಿಗಳ ಕೈಯೊಳಗೆ ಅಡಗಿದ್ದ ವಿದ್ಯೆಯು ಓದುವವರ ಕಣ್ಣಿಗೆ ದಕ್ಕಿದುದು ಹೀಗೆ.

ನಮ್ಮಲ್ಲಿ ಇಂಥ ಗ್ರಂಥಗಳಿಗೆ ಬಡತನವಿರಲಿಲ್ಲ. ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಅಂತರ್ಜಲಶೋಧ, ವೃಕ್ಷವೈದ್ಯ, ಪಾಕಶಾಸ್ತ್ರಗಳನ್ನು ಕನ್ನಡದಲ್ಲಿಯೇ ನಿರೂಪಿಸಿದನು. ಕಲ್ಯಾಣದ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ವು ಚಿತ್ರಲಕ್ಷಣವನ್ನೂ ಹೇಳುತ್ತದೆ. ಆದರೆ ಇವೆರಡೂ ಮುಖ್ಯವಾಗಿ ಪದ್ಯರೂಪದವು. ಬಾಯಿಪಾಠಕ್ಕೆ ಒದಗಿದುವೇ ಹೊರತು ಕಣ್ಣಿಗಲ್ಲ.

ಸುರಪುರದ ಚಿತ್ರಕಾರರೋ ಹೊನ್ನಿನ ಬಣ್ಣವಿಟ್ಟು ದೇವತೆಗಳನ್ನೂ ಅರಸರನ್ನೂ ಬರೆದರು. ಆ ನಯವಾದ ಕುಂಚವು ಶಹಾಪುರದ ಹೊಲದ ಕೂರಿಗೆಯನ್ನೋ ಯಾದಗಿರಿಯ ಬಾವಿಯ ಕಪಿಲೆಯನ್ನೋ ಬಿಡಿಸಿ ತೋರಿಸಿದ್ದರೆ! ಕೂರಿಗೆಯ ತಾಳುಗಳನ್ನು ಹೇಗೆ ಜೋಡಿಸುತ್ತಿದ್ದರೆಂದು ಇಂದು ನಾವು ಹಳ್ಳಿಯ ವೃದ್ಧರನ್ನು ಕೇಳಬೇಕಾಗಿದೆ. ಅವರ ಸಂಖ್ಯೆಯೂ ಕುಗ್ಗುತ್ತಿದೆ. ಚಿತ್ರಸಹಿತವಾದ ಜ್ಞಾನಭಂಡಾರವೊಂದು, ಶಿವರಾಮ ಕಾರಂತರ ‘ಬಾಲಪ್ರಪಂಚ’, ಕನ್ನಡದ ಮಕ್ಕಳ ಕೈಸೇರಲು 1936ರವರೆಗೆ ಕಾಯಬೇಕಾಯಿತು.