ಗಾಂಜಾ ಕಾನೂನಿನ ಪ್ರಶ್ನೆ: ಗಿಡದ ವಿಚಾರವೋ, ಕರಡಿನ ವಿಚಾರವೋ?

ಮಾದಕವಸ್ತುವೊಂದಕ್ಕೆ ಕಾನೂನಿನ ಸಮ್ಮತಿಯನ್ನು ಕೊಡಬೇಕೆ, ಬೇಡವೆ ಎಂಬುದನ್ನು ಪ್ರಜೆಗಳೇ ನೇರವಾಗಿ ಮತ ನೀಡಿ ನಿರ್ಣಯಿಸುವ ಪದ್ಧತಿಯು ಅಮೆರಿಕದ ಕೆಲವು ರಾಜ್ಯಗಳಲ್ಲಿ ಉಂಟು. ಗಾಂಜಾ ಕಾನೂನುಗಳ ವಿಷಯದಲ್ಲಿ ಅಂಥ ಪದ್ಧತಿ ನಮ್ಮ ದೇಶದಲ್ಲಿಲ್ಲ. ಆದರೂ ಪ್ರಶ್ನೆಯು ನಮಗೆ ಹೊಸದಲ್ಲ. ಗೋಕಾಕ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1893-94ರಲ್ಲಿ, ಈ ವಿಚಾರವು ಒಂದು ಅಖಿಲ ಭಾರತ ಆಯೋಗದ ಮುಂದೆ ವಿಸ್ತಾರವಾಗಿ ಚರ್ಚೆಗೆ ಬಂದಿದ್ದಿತು. ಅಂಥ ಪ್ರಸ್ತಾವವೊಂದು ಅಂಗೀಕಾರಕ್ಕೆ ಯೋಗ್ಯವೇ ಎಂಬುದನ್ನು ಯಾವ ಅಳತೆಗೋಲಿನಿಂದ ನಿರ್ಣಯಿಸಬೇಕು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಸ್ತುಸ್ವರೂಪವನ್ನು ತಿಳಿಯುವುದು ಅವಶ್ಯಕ. ಒಂದೇ ಗಿಡದಿಂದ ಮೂರು ಪದಾರ್ಥಗಳು ದೊರೆಯುವುವು. ಎಲೆಯಿಂದಾಗುವುದು ಭಂಗಿ, ಹೂಬಿಟ್ಟ ತುದಿಗಳು ಗಾಂಜಾ, ಅಂಟಿನಂಥ ರಾಳವು ಚರಸ್. ಭಂಗಿಯನ್ನು ಅರೆದು ಕುಡಿಯುವರು, ಗಾಂಜಾವನ್ನು ಚಿಲುಮೆಯಲ್ಲಿಟ್ಟು ಸೇದುವರು. ಉತ್ತರ ಕರ್ನಾಟಕದಲ್ಲಿ ಅವಧೂತ, ಆರೂಢ ಮೊದಲಾದ ಪಂಥಗಳ ಕೆಲವರು ಇದನ್ನು ಧ್ಯಾನಕ್ಕೆ ಸಾಧನವೆಂದು ಭಾವಿಸುವರು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವರೆಂಬ ವರದಿಯು 2020ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಸಮಾಜದ ಒಂದು ಭಾಗವು ಪವಿತ್ರವೆಂದು ತಿಳಿದುದನ್ನು ಇನ್ನೊಂದು ಭಾಗವು ಮನೆಹಾಳು ವ್ಯಸನವೆಂದು ತಿಳಿಯುವುದರಿಂದಲೇ ಈ ವಾದವು ಸುಲಭವಾಗಿ ಬಗೆಹರಿಯದು.

1893ರ ಮಾರ್ಚ್ ತಿಂಗಳಲ್ಲಿ ಪಾನವಿರೋಧಿ ಚಳವಳಿಯ ಪ್ರಮುಖನಾದ ವಿಲಿಯಂ ಕೇನ್ ಎಂಬ ಸದಸ್ಯನು ಬ್ರಿಟಿಷ್ ಕಾಮನ್ಸ್ ಸಭೆಯಲ್ಲಿ ಗಾಂಜಾದ ಪ್ರಶ್ನೆಯನ್ನೆತ್ತಿದನು. ಅದರ ಫಲವಾಗಿ ಅದೇ ವರ್ಷದ ಜುಲೈಯಲ್ಲಿ ಮ್ಯಾಕ್‌ವರ್ತ್ ಯಂಗ್ ಎಂಬವನ ಅಧ್ಯಕ್ಷತೆಯಲ್ಲಿ ಏಳು ಮಂದಿಯ ಆಯೋಗವು ನೇಮಕವಾಯಿತು. ಇವರಲ್ಲಿ ಮೂವರು ಭಾರತೀಯರು. ಆಯೋಗವು 1,193 ಮಂದಿಯ ಸಾಕ್ಷ್ಯವನ್ನು ಪಡೆಯಿತು. ಗಾಂಜಾದಿಂದ ಹುಚ್ಚು ಹಿಡಿಯುವುದೆಂಬ ಮಾತನ್ನು ಅದು ಹಾಗೆಯೇ ಒಪ್ಪದೆ, ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಒಂದೊಂದಾಗಿ ಪರೀಕ್ಷಿಸಿತು. 1892ರಲ್ಲಿ ಸೇರಿದ 1,344 ರೋಗಿಗಳಲ್ಲಿ ಈ ಮಾದಕಗಳ ಸಂಬಂಧವನ್ನು ಒಪ್ಪಬಹುದಾದವರು 98 ಮಂದಿ ಮಾತ್ರವೆಂದೂ, ಅವರಲ್ಲಿ 37 ಮಂದಿಗೆ ಬೇರೆ ಕಾರಣಗಳೂ ಕೂಡಿದ್ದುವೆಂದೂ ಅದಕ್ಕೆ ಕಂಡುಬಂದಿತು.

1894ರ ವರದಿಯಲ್ಲಿ ಆಯೋಗವು ಸಂಪೂರ್ಣ ನಿಷೇಧವು ಅವಶ್ಯಕವೂ ಅಲ್ಲ, ಉಚಿತವೂ ಅಲ್ಲ ಎಂದು ತೀರ್ಮಾನಿಸಿತು. ಅದರ ಸಲಹೆಯು ನಿಯಂತ್ರಣ: ಬೇಸಾಯಕ್ಕೆ ಪರವಾನಗಿ, ಅಂಗಡಿಗಳ ಸಂಖ್ಯೆಗೆ ಮಿತಿ, ಸಾಕಷ್ಟು ತೆರಿಗೆ. ಭಾರತೀಯ ಸದಸ್ಯರಲ್ಲಿ ಇಬ್ಬರು, ರಾಜಾ ಶಶಿಶೇಖರೇಶ್ವರ ರಾಯ್ ಮತ್ತು ಲಾಲಾ ನಿಹಾಲ್ ಚಂದ್, ತಮ್ಮ ಭಿನ್ನಾಭಿಪ್ರಾಯವನ್ನು ಬೇರೆಯಾಗಿ ಬರೆದರು. ನಿಯಂತ್ರಣದಿಂದ ಸರ್ಕಾರದ ಬೊಕ್ಕಸಕ್ಕೆ ಲಾಭವಿದ್ದಿತೆಂಬುದನ್ನೂ ಮರೆಯಲಾಗದು. ಆದಾಯವನ್ನು ಬಯಸುವ ಸರ್ಕಾರವು ಬಳಕೆಯನ್ನು ಪ್ರಾಮಾಣಿಕವಾಗಿ ತಗ್ಗಿಸೀತೆ ಎಂಬ ಶಂಕೆಯು ಅಂದಿನಿಂದ ಇಂದಿನವರೆಗೂ ಉಳಿದುಬಂದಿದೆ.

ಪರವಾನಗಿಯೆಂದಮಾತ್ರಕ್ಕೆ ಎಲ್ಲವೂ ಒಂದೇ ಬಗೆಯಲ್ಲ. ಅಂದು ಗಾಂಜಾ ಬೇಸಾಯಕ್ಕೆ ಹೆಸರಾಗಿದ್ದ ವಂಗದೇಶದ ನೌಗಾಂವ್‌ನಲ್ಲಿ (ಅದು ಇಂದು ಬಾಂಗ್ಲಾದೇಶದಲ್ಲಿದೆ) 1917ರಲ್ಲಿ ಬೆಳೆಗಾರರೇ ಸೇರಿ ಸಹಕಾರಿ ಸಂಘವೊಂದನ್ನು ಸ್ಥಾಪಿಸಿದರು. ಮಾರಾಟದ ಲಾಭವು ದಲ್ಲಾಳಿಗಳ ಪಾಲಾಗದೆ ಬೆಳೆಗಾರರಿಗೆ ಸಂದಿತು. ಅದರಲ್ಲೊಂದಂಶವು ಶಾಲೆ, ಔಷಧಾಲಯಗಳಿಗೆ ವಿನಿಯೋಗವಾಯಿತು. 1905ರಲ್ಲಿಯೇ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಟ್ಟಿದ ನಾಡಿನವರಾದ ನಮಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧವಾದ ನಿದರ್ಶನವನ್ನು ಅಮೆರಿಕದ ಓಹಾಯೋ ರಾಜ್ಯವು ಒದಗಿಸುವುದು. ಅಲ್ಲಿ 2015ರ ನವೆಂಬರಿನಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸುವ ಸಂವಿಧಾನ ತಿದ್ದುಪಡಿಯೊಂದು ಮತದಾರರ ಮುಂದೆ ಬಂದಿತು. ವ್ಯಾಪಾರಕ್ಕಾಗಿ ಬೆಳೆಯುವ ಹಕ್ಕು ಗೊತ್ತುಮಾಡಿದ ಹತ್ತು ನಿವೇಶನಗಳಿಗೆ ಮಾತ್ರವೆಂದು ಅದರ ಕರಡಿನಲ್ಲಿಯೇ ವಿಧಿಸಲಾಗಿದ್ದಿತು. ಆ ನಿವೇಶನಗಳು ಪ್ರಚಾರಕ್ಕೆ ಹಣ ಹೂಡಿದವರ ವಶದಲ್ಲಿದ್ದುವು. ಶೇಕಡಾ ಸುಮಾರು 64 ಮಂದಿ ಇದನ್ನು ತಿರಸ್ಕರಿಸಿದರು. 2023ರಲ್ಲಿ, ವಯಸ್ಕರು ಮನೆಯಲ್ಲಿ ತಲಾ ಆರು ಗಿಡಗಳನ್ನು ಬೆಳೆಯಲು ಅವಕಾಶವಿತ್ತು ಮಾರಾಟದ ಮೇಲೆ ಶೇಕಡಾ 10ರ ತೆರಿಗೆಯನ್ನು ವಿಧಿಸುವ ಬೇರೊಂದು ಕರಡಿಗೆ ಅದೇ ರಾಜ್ಯದ ಶೇಕಡಾ ಸುಮಾರು 57 ಮಂದಿ ಒಪ್ಪಿಗೆಯಿತ್ತರು.

ಎಂಟು ವರ್ಷಗಳಲ್ಲಿ ಲೋಕಾಭಿಪ್ರಾಯವೇ ಬದಲಾಗಿದ್ದಿತೆಂದು ಆಕ್ಷೇಪಿಸಬಹುದು. ಅದರಲ್ಲಿ ಸತ್ಯಾಂಶವೂ ಉಂಟು. ಆದರೆ 2015ರ ಅದೇ ಮತಪತ್ರದಲ್ಲಿ, ಸಂವಿಧಾನದ ಮೂಲಕ ಖಾಸಗಿ ಏಕಸ್ವಾಮ್ಯವನ್ನು ಪಡೆಯುವುದನ್ನು ತಡೆಯುವ ಮತ್ತೊಂದು ಪ್ರಸ್ತಾವವು ಅಂಗೀಕೃತವಾದುದನ್ನು ಗಮನಿಸಬೇಕು. ಅಂದು ತಿರಸ್ಕೃತವಾದುದು ಗಿಡ ಮಾತ್ರವಲ್ಲ, ಗಿಡದ ಹೆಸರಿನಲ್ಲಿ ಹತ್ತು ಮಂದಿಗೆ ಬರೆದುಕೊಡಲಿದ್ದ ಜಹಗೀರು. ಆ ಪ್ರಸ್ತಾವವು ಸೋತುದು ನ್ಯಾಯವೇ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಇದೇ ಅಳತೆಗೋಲನ್ನು ನಮ್ಮ ನಿಷೇಧದ ಕಾನೂನಿಗೂ ಹಿಡಿದು ನೋಡುವುದು ಉಚಿತ. 1949ರ ಮುಂಬಯಿ ಪಾನನಿರೋಧ ಕಾಯಿದೆಯು ಬೆಳಗಾವಿ ಜಿಲ್ಲೆಗೂ ಅನ್ವಯಿಸಿದ್ದಿತು. ಸಂವಿಧಾನದ 47ನೆಯ ಅನುಚ್ಛೇದವು ಆರೋಗ್ಯಕ್ಕೆ ಹಾನಿಕರವಾದ ಮಾದಕಗಳ ನಿಷೇಧಕ್ಕೆ ಯತ್ನಿಸಬೇಕೆಂದು ರಾಜ್ಯಕ್ಕೆ ನಿರ್ದೇಶಿಸುವುದು. 1961ರ ಅಂತರರಾಷ್ಟ್ರೀಯ ಒಪ್ಪಂದದ ತರುವಾಯ 1985ರಲ್ಲಿ ಸಂಸತ್ತು ಈಗ ಜಾರಿಯಲ್ಲಿರುವ ಮಾದಕದ್ರವ್ಯ ಕಾಯಿದೆಯನ್ನು ಮಾಡಿತು. ಅದರ ವ್ಯಾಖ್ಯೆಯಲ್ಲಿ, ಹೂತುದಿಗಳಿಲ್ಲದ ಬರಿಯ ಎಲೆಯೂ ಬೀಜವೂ ಗಾಂಜಾ ಆಗಲಾರವು. 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ನೀಡಿದುದು ಈ ಭೇದದ ಆಧಾರದಿಂದಲೇ.

2001ರ ತಿದ್ದುಪಡಿಯು ಶಿಕ್ಷೆಯನ್ನು ಪ್ರಮಾಣಕ್ಕೆ ತಕ್ಕಂತೆ ವಿಭಾಗಿಸಿತು. ಗಾಂಜಾದ ವಿಷಯದಲ್ಲಿ ಒಂದು ಕಿಲೋಗ್ರಾಂವರೆಗಿನದು ಅಲ್ಪಪ್ರಮಾಣ. ಇದಕ್ಕೆ ಈಗ ಗರಿಷ್ಠ ಒಂದು ವರ್ಷದ ಸೆರೆಮನೆ. ಇಪ್ಪತ್ತು ಕಿಲೋಗ್ರಾಂ ಮೀರಿದುದು ವಾಣಿಜ್ಯಪ್ರಮಾಣ. ಇದಕ್ಕೆ ಹತ್ತರಿಂದ ಇಪ್ಪತ್ತು ವರ್ಷ. ಆದರೆ ಬೇಸಾಯದ ಅಪರಾಧಕ್ಕೆ ಇಂಥ ವಿಭಾಗವಿಲ್ಲ. ಹಿತ್ತಿಲಲ್ಲಿ ಎರಡು ಗಿಡ ಬೆಳೆಸಿದವನೂ ಎಕರೆಗಟ್ಟಲೆ ಬಿತ್ತಿದವನೂ ಒಂದೇ ಉಪವಿಧಿಗೆ ಒಳಪಡುವರು: ಹತ್ತು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ತಾರತಮ್ಯವೆಲ್ಲವೂ ನ್ಯಾಯಾಧೀಶರ ವಿವೇಚನೆಗೆ ಬಿಟ್ಟುದು.

ಘಟಪ್ರಭೆಯ ನೀರಿನಿಂದ ಕಬ್ಬು ಬೆಳೆಯುವ ಮೂಡಲಗಿ, ಗೋಕಾಕ ಸೀಮೆಗೆ ಇದು ದೂರದ ಮಾತಲ್ಲ. ಎತ್ತರವಾದ ಕಬ್ಬಿನ ಮರೆಯಲ್ಲಿ ಗಾಂಜಾ ಗಿಡಗಳು ಸಿಕ್ಕಿದುವೆಂಬ ಸುದ್ದಿಯು ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಆಗಾಗ ಬರುವುದು. ಹೊಲವು ಸ್ಥಾವರ, ಅದರ ಒಡೆಯನ ಹೆಸರು ಉತಾರದಲ್ಲಿರುವುದು. ಬೀಜವನ್ನು ಕೊಟ್ಟವನೂ ಮಾಲನ್ನು ಕೊಳ್ಳುವವನೂ ಊರು ಬಿಟ್ಟು ಹೋಗಬಲ್ಲರು, ರೈತನು ಹೋಗಲಾರನು. ತಪ್ಪು ಮಾಡಿದವನಿಗೆ ಶಿಕ್ಷೆ ಬೇಡವೆಂದು ನಾವು ಹೇಳುವುದಿಲ್ಲ. ಸರಪಣಿಯ ಅತಿ ದುರ್ಬಲ ಕೊಂಡಿಯ ಮೇಲೆಯೇ ಕಾನೂನಿನ ಭಾರವೆಲ್ಲ ಬೀಳುವಂತಾದರೆ ಅದು ನಿಷೇಧದ ಉದ್ದೇಶವನ್ನು ಸಾಧಿಸಲಾರದೆಂದು ಹೇಳುತ್ತೇವೆ.

ನಿಷೇಧವಾದಿಗಳ ಪಕ್ಷದಲ್ಲಿಯೂ ಬಲವಾದ ಯುಕ್ತಿಯುಂಟು. 1894ರ ಆಯೋಗವು ಕಂಡುದು ಅಂದಿನ ಬಳಕೆಯನ್ನು. ಇಂದು ಹೊರದೇಶಗಳ ಮಾರುಕಟ್ಟೆಗೆ ಬರುತ್ತಿರುವ ತಳಿಗಳು ಬಹಳ ತೀಕ್ಷ್ಣವಾದವು. ಹರೆಯದಲ್ಲಿಯೇ ಆರಂಭವಾದ ಅತಿಸೇವನೆಗೂ ಮನೋವಿಕಾರಕ್ಕೂ ಸಂಬಂಧವಿರುವುದನ್ನು ವೈದ್ಯವಿಜ್ಞಾನವು ತೋರಿಸಿದೆ. 98 ಎಂಬ ಹಳೆಯ ಸಂಖ್ಯೆಯನ್ನು ಹಿಡಿದು ಇಂದಿನ ತಾಯಿತಂದೆಗಳ ಭಯವನ್ನು ನಿರಾಕರಿಸುವುದು ಇತಿಹಾಸದ ದುರುಪಯೋಗವೇ ಸರಿ. ಇನ್ನೊಂದು ಕಡೆ, 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗವು ಈ ಪದಾರ್ಥವನ್ನು ಅತಿಕಠಿಣ ಪಟ್ಟಿಯಿಂದ ತೆಗೆಯಲು 27-25 ಮತಗಳಿಂದ ನಿರ್ಣಯಿಸಿದಾಗ, ಭಾರತವು ಪರವಾಗಿ ಮತ ನೀಡಿತೆಂಬುದೂ ಲಕ್ಷ್ಯಾರ್ಹ.

ಆದುದರಿಂದ ಗಾಂಜಾ ಒಳ್ಳೆಯದೇ ಕೆಟ್ಟದೇ ಎಂಬ ಒಂದೇ ಪ್ರಶ್ನೆಯಿಂದ ಯಾವ ಕರಡಿನ ಯೋಗ್ಯತೆಯನ್ನೂ ನಿರ್ಣಯಿಸಲಾಗದು. ಬೆಳೆಯುವ ಹಕ್ಕು ಯಾರಿಗೆ? ಲಾಭವು ಯಾರಿಗೆ? ಎಳೆಯರಿಗೆ ರಕ್ಷಣೆಯೇನು? ಶಿಕ್ಷೆಯು ಅಪರಾಧಕ್ಕೆ ತಕ್ಕುದೇ? ಓಹಾಯೋದ ಮೊದಲ ಕರಡು ಮೊದಲೆರಡು ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಲಿಲ್ಲ. ನಮ್ಮ 1985ರ ಕಾಯಿದೆಯ ಬೇಸಾಯದ ಉಪವಿಧಿಯು ಕೊನೆಯದಕ್ಕೆ ಉತ್ತರಿಸುವುದಿಲ್ಲ. ನಿಷೇಧವು ಉಳಿಯಲಿ, ಅಳಿಯಲಿ, ಈ ಉಪವಿಧಿಯಲ್ಲಿ ಗಿಡಗಳ ಪ್ರಮಾಣಕ್ಕೆ ತಕ್ಕ ವಿಭಾಗವನ್ನು ಮಾಡುವುದು ಸಂಸತ್ತಿಗೆ ಕಷ್ಟವಾದ ಕೆಲಸವಲ್ಲ. ಇದನ್ನು ಒಪ್ಪಲು ಉಭಯಪಕ್ಷದವರಿಗೂ ಅಡ್ಡಿಯಿರಲಾರದು.