ಪ್ರಾಣ ಉಳಿಸುವ ವಿನೆಗರ್

ಗೋಬಿ ಮಂಚೂರಿಗೆ ಹಾಕುವ ವಿನೆಗರ್ ಮಕ್ಕಳಿಗೂ ಗೊತ್ತು. ನೀರಿನಲ್ಲಿ ಬೆರೆತ ಅಸಿಟಿಕ್ ಆಮ್ಲವೇ ಅದು. ಇಷ್ಟು ಅಗ್ಗದ ವಸ್ತುವಿನಿಂದ ಗರ್ಭಕೊರಳಿನ ಕ್ಯಾನ್ಸರ್ ಸಾವುಗಳನ್ನು ತಗ್ಗಿಸಬಹುದೆಂದು ಮುಂಬಯಿಯ ಕೊಳೆಗೇರಿಗಳಲ್ಲಿ ನಡೆದ ಅಧ್ಯಯನ ತೋರಿಸಿಕೊಟ್ಟಿದೆ.

1998ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಿಳಿವಳಿಕೆ ಮಾತ್ರ. ಇನ್ನೊಂದಕ್ಕೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆಯೂ ಇತ್ತು. ಪರೀಕ್ಷಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು.

ವಿಧಾನ ಸರಳ. ದುರ್ಬಲ ಅಸಿಟಿಕ್ ಆಮ್ಲವನ್ನು ಹತ್ತಿಯಿಂದ ಗರ್ಭಕೊರಳಿಗೆ ಸವರಿ, ಒಂದು ನಿಮಿಷ ಕಾದು, ದೀಪದ ಬೆಳಕಿನಲ್ಲಿ ನೋಡುವುದು. ಹಾಲಿಗೆ ನಿಂಬೆಹುಳಿ ಹಿಂಡಿದರೆ ಅದರ ಪ್ರೋಟೀನು ಗರಣೆಗಟ್ಟುತ್ತದಲ್ಲವೆ? ಕೆಟ್ಟ ಕೋಶಗಳಲ್ಲಿ ಕೋಶಕೇಂದ್ರ ದೊಡ್ಡದು, ಪ್ರೋಟೀನೂ ಹೆಚ್ಚು. ಆಮ್ಲ ತಗುಲಿದಾಗ ಅಲ್ಲಿ ಸ್ವಲ್ಪ ಹೊತ್ತು ಬಿಳಿ ಮಚ್ಚೆ ಮೂಡುತ್ತದೆ. ಮಚ್ಚೆ ಕಂಡವರಿಗೆಲ್ಲ ಕ್ಯಾನ್ಸರ್ ಎಂದಲ್ಲ. ಮುಂದಿನ ತಪಾಸಣೆ ಬೇಕು ಎಂದಷ್ಟೇ ಅರ್ಥ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪರೀಕ್ಷೆಗೊಳಗಾದ ಗುಂಪಿನಲ್ಲಿ ಈ ಕಾಯಿಲೆಯ ಸಾವು ಶೇ. 31ರಷ್ಟು ಕಡಿಮೆಯಿತ್ತು.

ಈ ಕ್ಯಾನ್ಸರಿಗೆ ಬಹುತೇಕ ಕಾರಣ ಎಚ್‌ಪಿವಿ ಎಂಬ ವೈರಸ್. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷವೇ ಬೇಕು. ಅಷ್ಟು ಸಮಯ ಸಿಕ್ಕರೂ 2022ರಲ್ಲಿ ಭಾರತದಲ್ಲಿ ಸುಮಾರು 80 ಸಾವಿರ ಮಹಿಳೆಯರು ಇದರಿಂದ ಸತ್ತರೆಂಬ ಅಂದಾಜಿದೆ. ಹಣಕ್ಕಿಂತ ನಾಚಿಕೆಯೇ ಹಲವರನ್ನು ತಡೆಯುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೂ, ದುರ್ವಾಸನೆಯ ಸ್ರಾವವಾದರೂ ತಾಯಂದಿರು ಬಾಯಿಬಿಡುವುದಿಲ್ಲ.

9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ ಹೆಚ್ಚು ಫಲಕಾರಿ. ಭಾರತದಲ್ಲೇ ತಯಾರಾದ ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ. ಲಸಿಕೆ ಪಡೆದವರೂ ಮೂವತ್ತು ದಾಟಿದ ಮೇಲೆ ಪರೀಕ್ಷೆ ಬಿಡಬಾರದು.

ಇನ್ನು ಗುಣವಾಗಿ ಮನೆಗೆ ಬಂದವರ ಪಾಡು. ತಟ್ಟೆ ಲೋಟ ಬೇರೆ ಇಡುವ ಮನೆಗಳಿವೆ. ಕ್ಯಾನ್ಸರ್ ಹಾಗೆ ಅಂಟುವುದಿಲ್ಲ. ವಿಕಿರಣದ ಮೂಲವನ್ನು ಒಳಗಿಟ್ಟು ಚಿಕಿತ್ಸೆ ಮಾಡಿದ್ದರೂ, ಅದನ್ನು ತೆಗೆದ ಮೇಲೆ ದೇಹದಿಂದ ವಿಕಿರಣ ಹೊರಡದು, ಮಕ್ಕಳು ಅಮ್ಮನನ್ನು ಅಪ್ಪಿಕೊಳ್ಳಬಹುದು. ಎಚ್‌ಪಿವಿ ಬಹಳ ಸಾಮಾನ್ಯವಾದ ವೈರಸ್ ಆದ್ದರಿಂದ ನಡತೆಯನ್ನು ಶಂಕಿಸುವುದು ಅನ್ಯಾಯ. ಚಿಕಿತ್ಸೆಯ ನಂತರ ಆಯಾಸ, ಬೇಗನೆ ಮುಟ್ಟು ನಿಲ್ಲುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಉಂಟು. ಮೊದಲ ಎರಡು ವರ್ಷ ಕೆಲವು ತಿಂಗಳಿಗೊಮ್ಮೆ ಮರುತಪಾಸಣೆಗೆ ಹೋಗಬೇಕು. ಆ ದಿನ ಅಡುಗೆಯನ್ನು ಮನೆಯವರು ವಹಿಸಿಕೊಂಡು, ಒಬ್ಬರು ಜೊತೆಗೆ ಬಸ್ಸು ಹತ್ತಬೇಕು.